ಗುಡ್ಡ ಇಲ್ಲದ ದ್ವೀಪ ಕರೆಂಟನ್ನು ಎಲ್ಲಿ ಕೂಡಿಡಬೇಕು?

ಶರಾವತಿ ಕಣಿವೆಯ ವಿದ್ಯುತ್ ಯೋಜನೆಯ ಗಲಾಟೆ ಶುರುವಾದ ಮೇಲೆ ಪಂಪ್ಡ್ ಸ್ಟೋರೇಜ್ ಅಂದರೆ ಏನು ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕರೆಂಟ್ ಮಿಕ್ಕಾಗ ನೀರನ್ನು ಮೇಲಕ್ಕೆ ಎತ್ತುವುದು, ಬೇಕಾದಾಗ ಕೆಳಗೆ ಬಿಟ್ಟು ಟರ್ಬೈನ್ ತಿರುಗಿಸುವುದು. ಶರಾವತಿಯಲ್ಲಿ ಮೇಲಿನ ಜಲಾಶಯ ತಲಕಳಲೆ, ಕೆಳಗಿನದು ಗೇರುಸೊಪ್ಪ. ಅದಕ್ಕಾಗಿ ಕಾಡು ಕಡಿಯಬೇಕಾ ಅನ್ನುವ ಜಗಳ ಇವತ್ತು ಬೇಡ. ನನ್ನ ತಲೆ ತಿನ್ನುತ್ತಿರುವ ಪ್ರಶ್ನೆ ಬೇರೆ. ನೀರು ಎತ್ತಲು ಗುಡ್ಡವೇ ಇಲ್ಲದವರು ಏನು ಮಾಡಬೇಕು?

ಮಾಲ್ಡೀವ್ಸ್ ನೋಡಿ. ಸುಮಾರು 1,200 ದ್ವೀಪಗಳು, ಜನ ಇರುವ ಊರುಗಳಿಗೆಲ್ಲ ಡೀಸೆಲ್ ಜನರೇಟರೇ ಆಧಾರ. ಇಡೀ ದೇಶ ಹುಡುಕಿದರೂ ಮೂರು ಮೀಟರ್ ಎತ್ತರದ ಸಹಜ ನೆಲ ಸಿಗಲ್ಲ. ಬಿಸಿಲು ಧಾರಾಳ, ಪ್ಯಾನೆಲ್ ಹಾಸಲು ಜಾಗ ಕಮ್ಮಿ. ಸಂಜೆಯಾದರೆ ಮತ್ತೆ ಡೀಸೆಲ್. ಅದೂ ಹಡಗಲ್ಲೇ ಬರಬೇಕು.

ಆದರೆ ಅವರ ಬಾಗಿಲಲ್ಲೇ ಆಳ ಇದೆ. ಹವಳದ ದಿಬ್ಬ ದಾಟಿದರೆ ಸಮುದ್ರ ನೂರಾರು ಮೀಟರ್ ಇಳಿದುಬಿಡುತ್ತದೆ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯವರು ಇಂಥ ಆಳಕ್ಕೆಂದೇ ಒಂದು ಉಪಾಯ ಹುಡುಕಿದ್ದಾರೆ. ಸಮುದ್ರದ ತಳದಲ್ಲಿ ಕಾಂಕ್ರೀಟಿನ ದೊಡ್ಡ ಟೊಳ್ಳು ಗೋಳ ಕೂರಿಸುವುದು. ಕರೆಂಟ್ ಮಿಕ್ಕಾಗ ಪಂಪ್ ಹಾಕಿ ಒಳಗಿನ ನೀರನ್ನೆಲ್ಲ ಹೊರಗೆ ದಬ್ಬುವುದು. ಬೇಕಾದಾಗ ಬಾಯಿ ತೆರೆಯುವುದು, ಒಳನುಗ್ಗುವ ನೀರು ಟರ್ಬೈನ್ ತಿರುಗಿಸುತ್ತದೆ. ಖಾಲಿ ಕೊಡದ ಬಾಯಿ ಮುಚ್ಚಿ ನೀರೊಳಗೆ ಅದುಮಿ, ಆಮೇಲೆ ಕೈ ತೆಗೆದರೆ ನೀರು ಹೇಗೆ ನುಗ್ಗುತ್ತದೆ, ಹಾಗೆ. 700 ಮೀಟರ್ ಆಳದಲ್ಲಿ ಆ ಒತ್ತಡ ಮೇಲಿನದ್ದರ ಎಪ್ಪತ್ತು ಪಟ್ಟು. ಒಂದು ಘನ ಮೀಟರ್ ನೀರು ಒಳಗೆ ನುಗ್ಗಿದರೆ ಹೆಚ್ಚುಕಮ್ಮಿ ಎರಡು ಯೂನಿಟ್ ಲೆಕ್ಕ. 30 ಮೀಟರ್ ಅಗಲದ ಗೋಳ ಒಂದಿದ್ದರೆ 20,000 ಯೂನಿಟ್ ಹತ್ತಿರ ಕೂಡಿಡಬಹುದು. ಭೂಮಿ ಒಂದು ಗುಂಟೆಯೂ ಬೇಡ!

2016ರಲ್ಲಿ ಕಾನ್‌ಸ್ಟನ್ಸ್ ಸರೋವರದಲ್ಲಿ 100 ಮೀಟರ್ ಆಳಕ್ಕೆ 3 ಮೀಟರಿನ ಪುಟ್ಟ ಗೋಳ ಇಳಿಸಿ ನೋಡಿದರು. ಕೆಲಸ ಮಾಡಿತು. ಮುಂದಿನದು 9 ಮೀಟರಿನದ್ದು, ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಕಡೆ ಇಳಿಸುವ ಯೋಜನೆ.

ಇಷ್ಟು ಓದಿ ಕುಣಿಯುವ ಮೊದಲು ಒಕಿನಾವಾ ಕಥೆ ಕೇಳಿ. 1999ರಲ್ಲಿ ಜಪಾನಿನವರು ಅಲ್ಲಿ ಸಮುದ್ರದ ನೀರನ್ನೇ ಗುಡ್ಡಕ್ಕೆ ಎತ್ತುವ 30 ಮೆಗಾವ್ಯಾಟ್ ಸ್ಥಾವರ ಶುರು ಮಾಡಿದರು. ಜಗತ್ತಿನಲ್ಲೇ ಮೊದಲನೆಯದು. ಎಂಟು ಮೂಲೆಯ ಕೆರೆ, ಉಪ್ಪುನೀರು ಮಣ್ಣಿಗೆ ಇಳಿಯದಂತೆ ಪೂರ್ತಿ ರಬ್ಬರ್ ಹಾಳೆ. ತುಕ್ಕು ಹಿಡಿಯಬಾರದು, ಚಿಪ್ಪುಹುಳ ಅಂಟಬಾರದು ಅಂತ ಫೈಬರ್ ಪೈಪು. ಎಂಜಿನಿಯರುಗಳು ಗೆದ್ದರು, ಲೆಕ್ಕದ ಪುಸ್ತಕ ಸೋತಿತು. ಅಂದುಕೊಂಡಷ್ಟು ಬೇಡಿಕೆ ಬೆಳೆಯಲಿಲ್ಲ. 2016ಕ್ಕೆ ಬೀಗ. ಅತ್ತ ಗೋಳದ ಪರೀಕ್ಷೆ, ಇತ್ತ ಇದಕ್ಕೆ ಬೀಗ, ಎರಡೂ ಒಂದೇ ವರ್ಷ!

ಜಪಾನ್ ಆ ನಷ್ಟ ತಡೆದುಕೊಂಡಿತು. ಮಾಲ್ಡೀವ್ಸ್‌ಗೆ ಆಗುತ್ತಾ? 700 ಮೀಟರ್ ಕೆಳಗೆ ಪಂಪ್ ಕೆಟ್ಟರೆ ಮೇಲೆತ್ತುವ ಹಡಗು ಎಲ್ಲಿಂದ ಬರಬೇಕು? ಬಾಡಿಗೆ ಯಾರು ಕೊಡಬೇಕು? ಹವಾಮಾನ ಸಮ್ಮೇಳನಗಳಲ್ಲಿ ಸಣ್ಣ ದ್ವೀಪಗಳ ಹೆಸರು ಹೇಳಿ ಹೊಸ ತಂತ್ರಜ್ಞಾನ ಮಾರುವವರು ಈ ಪ್ರಶ್ನೆ ಬಂದಾಗ ಸುಮ್ನೆ ನಗುತ್ತಾರೆ. ಗೋಳದ ಐಡಿಯಾ ನನಗೆ ಬಹಳ ಇಷ್ಟ. ಆದರೆ ಮೊದಲ ಗಿರಾಕಿ ಕಡಲು ಏರಿದರೆ ಮುಳುಗುವ ಬಡಪಾಯಿ ಆಗಬಾರದು. ಅವರಿಗೆ ಸದ್ಯಕ್ಕೆ ಸೋಲಾರ್, ಬ್ಯಾಟರಿ ಸಾಕು. ಬ್ಯಾಟರಿ ಕೆಟ್ಟರೆ ದೋಣಿಯಲ್ಲಿ ಇನ್ನೊಂದು ತರಬಹುದು.

ಹಾಗಾದರೆ ಮೊದಲು ಯಾರು? ನಾವೇ ಯಾಕಾಗಬಾರದು? ಮಂಗಳೂರಿನ ಹಳೆ ಬಂದರಿನಿಂದ ಸಾಮಾನು ಹೋಗುವ ಲಕ್ಷದ್ವೀಪವೂ ಇದೇ ಕಷ್ಟದಲ್ಲಿದೆ. ಡೀಸೆಲ್ಲು, ಚಪ್ಪಟೆ ನೆಲ, ಪಕ್ಕದಲ್ಲೇ ಆಳ. ಅದರ ರಾಜಧಾನಿ ಕವರತ್ತಿಯಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು (ಎನ್‌ಐಒಟಿ) 2005ರಿಂದಲೇ ಆಳ ಸಮುದ್ರದ ತಣ್ಣೀರನ್ನು ಪೈಪಿನಲ್ಲಿ ಎಳೆದು, ಅದರ ನೆರವಿನಿಂದ ಕುಡಿಯುವ ನೀರು ಮಾಡುತ್ತಿದ್ದಾರೆ. ಆಳಕ್ಕೆ ಪೈಪ್ ಇಳಿಸುವ ಕಷ್ಟ ಏನು ಅಂತ ಅವರಿಗೆ ಗೊತ್ತು. 2024ರಲ್ಲಿ ಅಲ್ಲೇ ಸೋಲಾರ್ ಜೊತೆ 1.4 ಮೆಗಾವ್ಯಾಟ್-ಅವರ್, ಅಂದರೆ 1,400 ಯೂನಿಟ್ ಹಿಡಿಯುವ ಬ್ಯಾಟರಿಯೂ ಬಂದಿದೆ, ಗೋಳ ಕೈಕೊಟ್ಟರೂ ಊರು ಪೂರ್ತಿ ಕತ್ತಲಾಗಲ್ಲ. ಪುಟ್ಟದೊಂದು ಗೋಳವನ್ನು ಅಲ್ಲಿ ಇಳಿಸಿ, ನಾಲ್ಕಾರು ಮಳೆಗಾಲ ಓಡಿಸಿ, ರಿಪೇರಿ ಖರ್ಚು ಸಮೇತ ಲೆಕ್ಕ ಬಹಿರಂಗ ಮಾಡಲಿ. ಲೆಕ್ಕ ಸರಿ ಬಂದರೆ ಆಮೇಲೆ ಮಾಲ್ಡೀವ್ಸ್‌ನವರನ್ನು ಕರೆದು ತೋರಿಸೋಣ.