ಪಕ್ಕದ ಮನೆಯ ಒಂದಡಿ

ಜಪಾನಿನ ಕ್ಯೋಟೋಗೆ ಬಂದ ಮೊದಲ ವರ್ಷ ನಾನು ಮಾಡಿದ ಒಂದು ಒಳ್ಳೆಯ ಕೆಲಸ ಎಡವಟ್ಟಾಯಿತು.

ನಾನಿರುವ ಓಣಿಯಲ್ಲಿ ಹಳೆಯ ಮರದ ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ನಡುವೆ ಕಾಂಪೌಂಡ್ ಇಲ್ಲ. ಬಲಗಡೆ ಮನೆಯಲ್ಲಿ ಎಂಬತ್ತರ ಆಸುಪಾಸಿನ ಅಜ್ಜಿ, ಒಬ್ಬರೇ. ದಿನಾ ಬೆಳಿಗ್ಗೆ ಬಿದಿರ ಕಡ್ಡಿಯ ಉದ್ದನೆಯ ಪೊರಕೆ ಹಿಡಿದು ಬಾಗಿಲ ಮುಂದೆ ಗುಡಿಸುತ್ತಾರೆ. ನವೆಂಬರ್ ಕೊನೆಯ ಒಂದು ದಿನ ನನಗೆ ಬೇಗ ಎಚ್ಚರವಾಯಿತು. ಗಿಂಕೊ ಮರದ ಹಳದಿ ಎಲೆ ಓಣಿ ತುಂಬ ಬಿದ್ದಿತ್ತು. ನನ್ನ ಬಾಗಿಲ ಮುಂದೆ ಗುಡಿಸಿದೆ. ಕೈ ಸುಮ್ಮನಿರಲಿಲ್ಲ, ಅಜ್ಜಿಯ ಬಾಗಿಲ ಮುಂದೂ ಈ ತುದಿಯಿಂದ ಆ ತುದಿಯವರೆಗೆ ಗುಡಿಸಿಬಿಟ್ಟೆ. ವಯಸ್ಸಾದವರು ಪಾಪ, ಅಂತ.

ಸಂಜೆ ಅಜ್ಜಿ ಸಿಹಿತಿಂಡಿಯ ಡಬ್ಬಿ ಹಿಡಿದು ಬಂದರು. ನಡು ಬಗ್ಗಿಸಿ ನಮಸ್ಕರಿಸಿದರು. ಥ್ಯಾಂಕ್ಸ್ ಹೇಳಿದ್ದಕ್ಕಿಂತ ಕ್ಷಮೆ ಕೇಳಿದ್ದೇ ಜಾಸ್ತಿ. ಮಾರನೆಯ ದಿನ ನಾನು ಏಳುವಷ್ಟರಲ್ಲಿ ನನ್ನ ಬಾಗಿಲ ಮುಂದೆ ಒಂದು ಎಲೆಯೂ ಇಲ್ಲ. ಅದರ ಮಾರನೆಯ ದಿನವೂ ಇಲ್ಲ. ಆಹಾ, ಅಕ್ಕಪಕ್ಕದವರ ಜೊತೆ ಬೆರೆತುಬಿಟ್ಟೆ ಎಂದು ನಾನು ಬೀಗಿದೆ.

ಆಫೀಸಿನಲ್ಲಿ ಕ್ಯೋಟೋದಲ್ಲೇ ಹುಟ್ಟಿ ಬೆಳೆದ ಗೆಳೆಯನಿಗೆ ಹೇಳಿದರೆ ಅವನು ತಲೆ ಚಚ್ಚಿಕೊಂಡ. "ಆ ಮುದುಕಿಯ ತಲೆ ಮೇಲೆ ಸಾಲ ಹೊರಿಸಿದ್ದೀಯಲ್ಲೋ!"

ಇಲ್ಲಿ ಇದಕ್ಕೊಂದು ಹೆಸರೇ ಇದೆ, ಕದೊಹಾಕಿ. ಬಾಗಿಲ ಮುಂದೆ ಗುಡಿಸುವುದು ಅಂತ. ಬರೆದಿಟ್ಟ ಕಾನೂನಲ್ಲ, ಓಣಿಯ ರೂಢಿ. ನಿಮ್ಮ ಮುಂದಿನ ಜಾಗ ಪೂರ್ತಿ ಗುಡಿಸಬೇಕು. ಪಕ್ಕದ ಮನೆಯ ಕಡೆ ಸುಮಾರು ಒಂದು ಅಡಿ ಹೋಗಬಹುದು. ಗೆರೆಗೆ ಸರಿಯಾಗಿ ನಿಲ್ಲಿಸಿದರೆ ಜುಗ್ಗ ಎನಿಸಿಕೊಳ್ಳುತ್ತೀರಿ. ಪೂರ್ತಿ ಗುಡಿಸಿದರೆ ಅವರಿಗೆ ಮುಜುಗರ: ಇವರು ಸೋಮಾರಿಗಳು ಎಂದು ಹೇಳಿದ ಹಾಗೆ, ಜೊತೆಗೆ ಋಣ ತೀರಿಸುವ ತಲೆನೋವು. ನನ್ನ ಪುಕ್ಕಟೆ ಸೇವೆಯಿಂದಾಗಿ ಆ ಅಜ್ಜಿ ಎರಡು ದಿನ ಕತ್ತಲಲ್ಲೇ ಎದ್ದು ನನ್ನ ಪಾಲನ್ನೂ ಗುಡಿಸಿದ್ದರು.

ಎಂಥ ಲೆಕ್ಕಾಚಾರದ ಜನ ಎಂದು ಆಗ ಬೇಜಾರಾಯಿತು. ಅಡಿಪಟ್ಟಿ ಇಟ್ಟು ಪ್ರೀತಿ ಅಳೆಯುತ್ತಾರಲ್ಲ ಎಂದುಕೊಂಡೆ. ಈಗ ಹಾಗನ್ನಿಸುವುದಿಲ್ಲ.

ನಾನು ತಿಪಟೂರಿನವನು. ಅಮ್ಮ ಕೂಡ ದಿನ ಶುರು ಮಾಡುವುದು ಪೊರಕೆಯಿಂದಲೇ. ಬಾಗಿಲು ತೆಗೆದು ಅಂಗಳ ಗುಡಿಸಿ, ನೀರು ಹಾಕಿ, ನಾಲ್ಕೆಳೆ ರಂಗೋಲಿ ಬಿಟ್ಟ ಮೇಲೇ ಒಲೆ ಹಚ್ಚುವುದು. ನಾನು ಚಿಕ್ಕವನಿದ್ದಾಗ ಸಗಣಿ ನೀರು ಹಾಕುತ್ತಿದ್ದರು. ಈಗ ಅಂಗಳಕ್ಕೆ ಸಿಮೆಂಟು ಬಂದಿದೆ, ಬರೀ ನೀರು. ಬೇಸಿಗೆಯಲ್ಲಿ ಇಲ್ಲಿನ ಅಜ್ಜಿಯೂ ಗುಡಿಸಿದ ಮೇಲೆ ಬಕೆಟ್ಟಿಂದ ಸೌಟಿನಲ್ಲಿ ನೀರು ಎತ್ತಿ ಬಾಗಿಲ ಮುಂದೆ ಚೆಲ್ಲುತ್ತಾರೆ. ಉಚಿಮಿಜು ಎನ್ನುತ್ತಾರೆ. ಧೂಳು ಕೂರುತ್ತದೆ, ನೆಲ ತಂಪಾಗುತ್ತದೆ. ಮೊದಲ ಸಲ ಅದನ್ನು ನೋಡಿದಾಗ ರಂಗೋಲಿ ಡಬ್ಬಿ ಎಲ್ಲಿ ಎಂದು ಕಣ್ಣು ತಾನಾಗಿ ಹುಡುಕಿತು.

ಇಲ್ಲಿ ಒಂಬತ್ತೂವರೆ ಆದಾಗ ಊರಲ್ಲಿ ಆರು ಗಂಟೆ. ಶನಿವಾರ ನಾನು ಫೋನ್ ಮಾಡುವುದು ಆ ಹೊತ್ತಿಗೇ. ಅಮ್ಮ ಎತ್ತುವುದಿಲ್ಲ. ಗುಡಿಸುವುದು ಮುಗಿದ ಮೇಲೆ ಅವರೇ ಮಾಡುತ್ತಾರೆ. "ಪೊರಕೆ ಕೈಲಿದ್ದಾಗ ಮಾತಾಡಕ್ಕಾಗಲ್ಲ ಕಣೋ" ಎನ್ನುತ್ತಾರೆ. ಪೊರಕೆ ಇರುವುದು ಕೈಯಲ್ಲಿ, ಬಾಯಲ್ಲಲ್ಲವಲ್ಲ ಎಂದು ನಾನು ಎಷ್ಟೋ ಸಲ ರೇಗಿಸಿದ್ದೇನೆ. ಅಮ್ಮ ಧ್ಯಾನ ಗೀನ ಎಂದು ಕೂತವರಲ್ಲ. ಆದರೆ ಆ ಹದಿನೈದು ನಿಮಿಷ ಅವರು ಯಾರಿಗೂ ಸಿಗುವುದಿಲ್ಲ.

ಇಲ್ಲಿನ ಝೆನ್ ಬೌದ್ಧ ದೇವಾಲಯಗಳಿಗೆ ಹೋದರೆ ಚಪ್ಪಲಿ ಬಿಡುವ ಜಾಗದಲ್ಲಿ ಒಂದು ಹಲಗೆ ಕಾಣುತ್ತದೆ. ನಾಲ್ಕೇ ಅಕ್ಷರ, ಕ್ಯಾಕ್ಕಾ ಶೋಕೋ. ನಿನ್ನ ಕಾಲ ಕೆಳಗೆ ನೋಡಿಕೊ ಎಂದು ಅರ್ಥ. ದೊಡ್ಡ ತತ್ವ ಎಂದುಕೊಂಡರೆ ತತ್ವ. ಚಪ್ಪಲಿ ನೆಟ್ಟಗೆ ಜೋಡಿಸಿಡು ಎಂದುಕೊಂಡರೆ ಅದೂ ಸರಿ. ನಮ್ಮ ದೇವಸ್ಥಾನಗಳ ಮುಂದಿನ ಚಪ್ಪಲಿ ರಾಶಿ ನೆನಪಾಗಿ ನಗು ಬಂತು. ಹೊಸ ಚಪ್ಪಲಿ ಹಾಕಿಕೊಂಡು ಹೋದ ದಿನ ಗರ್ಭಗುಡಿಯ ಮುಂದೆ ಕಣ್ಣು ಮುಚ್ಚಿದರೆ ಕಾಣುವುದು ದೇವರಲ್ಲ, ಹೊರಗೆ ಬಿಟ್ಟ ಜೋಡು. ಇದು ನನ್ನೊಬ್ಬನ ಕತೆಯಲ್ಲ, ಅಲ್ವಾ?

ಇಲ್ಲಿಂದ ಉತ್ತರಕ್ಕೆ, ಫುಕುಯಿಯ ಬೆಟ್ಟದಲ್ಲಿ ಎಯ್‌ಹೇಜಿ ಎಂಬ ಮಠವಿದೆ. 1244ರಲ್ಲಿ ದೋಗೆನ್ ಎಂಬ ಗುರು ಕಟ್ಟಿದ್ದು. ಹೋಗಿ ನೋಡಿದರೆ ಎಲ್ಲೆಲ್ಲೂ ಒರೆಸುವ ಕೆಲಸವೇ. ಮರದ ಉದ್ದುದ್ದ ಮೊಗಸಾಲೆಗಳಲ್ಲಿ ಹುಡುಗ ಸನ್ಯಾಸಿಗಳು ಒದ್ದೆ ಬಟ್ಟೆಯ ಮೇಲೆ ಎರಡೂ ಕೈ ಊರಿ, ಸೊಂಟ ಮೇಲೆತ್ತಿ, ಒರೆಸುತ್ತಾ ಓಡುತ್ತಾರೆ. ಮೊದಲೇ ಕನ್ನಡಿಯ ಹಾಗೆ ಹೊಳೆಯುವ ನೆಲ! ಕೊಳೆ ಇದೆ ಅಂತ ಒರೆಸುತ್ತಿಲ್ಲ ಎನ್ನುವುದು ನೋಡಿದ ಕೂಡಲೇ ತಿಳಿಯುತ್ತದೆ. ಇಲ್ಲಿ ಮೂರು ಕಡೆ ಮಾತಾಡುವಂತಿಲ್ಲ: ಧ್ಯಾನದ ಕೋಣೆ, ಸ್ನಾನದ ಮನೆ, ಮತ್ತೆ ಕಕ್ಕಸು. ಮೂರಕ್ಕೂ ಒಂದೇ ಮರ್ಯಾದೆ. ಮುಖ ತೊಳೆಯುವುದು ಹೇಗೆ, ಶೌಚಕ್ಕೆ ಹೋಗುವುದು ಹೇಗೆ ಎಂದು ದೋಗೆನ್ ಕೂತು ಬರೆದಿದ್ದಾರೆ. ನಾವೀಗ ಕಕ್ಕಸಿಗೂ ಫೋನ್ ಒಯ್ಯುವ ಜನ. ನಾನೂ ಒಯ್ಯುತ್ತೇನೆ, ಸುಳ್ಳು ಯಾಕೆ ಹೇಳಲಿ.

ಇದೇ ದೋಗೆನ್ 1223ರಲ್ಲಿ, ಇಪ್ಪತ್ತಮೂರರ ಹುಡುಗನಾಗಿದ್ದಾಗ, ಧರ್ಮ ಕಲಿಯಲು ಹಡಗು ಹತ್ತಿ ಚೀನಾಕ್ಕೆ ಹೋದರು. ಅಲ್ಲಿನ ಮಠದಲ್ಲಿ ಒಂದು ಮಧ್ಯಾಹ್ನ ನೋಡುತ್ತಾರೆ, ಮುದುಕ ಅಡುಗೆಯವನೊಬ್ಬ ಸುಡು ಬಿಸಿಲಲ್ಲಿ ಅಣಬೆ ಒಣಗಿಸುತ್ತಿದ್ದಾನೆ. ತಲೆಗೆ ಟೋಪಿ ಇಲ್ಲ. ಬೆನ್ನು ಬಿಲ್ಲಿನ ಹಾಗೆ ಬಾಗಿದೆ. ಹುಬ್ಬು ಬೆಳ್ಳಗಾಗಿದೆ. ವಯಸ್ಸೆಷ್ಟು ಎಂದರೆ ಅರವತ್ತೆಂಟು. ಆಳುಗಳ ಕೈಲಿ ಮಾಡಿಸಬಾರದೇ ಎಂದು ದೋಗೆನ್ ಕೇಳಿದರು. "ಅವರು ನಾನಲ್ಲವಲ್ಲ" ಎಂದ ಮುದುಕ. ಸರಿ, ಇಷ್ಟು ಬಿಸಿಲಲ್ಲಿ ಯಾಕೆ? "ಮತ್ತೆ ಯಾವಾಗ?" ಹುಡುಗ ಬಾಯಿ ಮುಚ್ಚಿಕೊಂಡ. ಹದಿನಾಲ್ಕು ವರ್ಷ ಕಳೆದ ಮೇಲೆ, ಅಡುಗೆ ಮನೆ ನೋಡಿಕೊಳ್ಳುವ ಸನ್ಯಾಸಿಗಳಿಗೆಂದು ಬರೆಯುವಾಗ ದೋಗೆನ್ ಇದನ್ನು ಮರೆಯದೆ ಬರೆದರು.

ಅವರು ನಾನಲ್ಲವಲ್ಲ. ಈ ಮಾತು ನನಗೆ ಚುಚ್ಚಿತು. ನಾವು ಶಾಂತಿಯನ್ನು ಎಲ್ಲಿಗೋ ಹೋಗಿ ತರುವ ಸಾಮಾನು ಮಾಡಿಕೊಂಡಿದ್ದೇವೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಗುಡಿಸುವುದಕ್ಕೆ ಒಬ್ಬರು, ಒರೆಸುವುದಕ್ಕೆ ಒಬ್ಬರು, ಪಾತ್ರೆಗೆ ಇನ್ನೊಬ್ಬರು. ಬಾಗಿಲ ಮುಂದೆ ಸ್ಟಿಕ್ಕರ್ ರಂಗೋಲಿ. ಹೀಗೆ ಉಳಿಸಿದ ಸಮಯದಲ್ಲಿ ಮನಸ್ಸು ಕೆಡಿಸಿಕೊಂಡು, ಅದನ್ನು ಸರಿ ಮಾಡಿಸಲು ದುಡ್ಡು ಕಟ್ಟಿ ಶಿಬಿರಕ್ಕೆ ಹೋಗುತ್ತೇವೆ. ರಜೆಗೆ ಬಂದಿದ್ದಾಗ ಭಾವನ ಜೊತೆ ನಾನೂ ಮೂರು ದಿನದ ಒಂದು ಮೌನ ಶಿಬಿರಕ್ಕೆ ಹೋಗಿದ್ದೆ. ಚೆನ್ನಾಗಿಯೇ ಇತ್ತು, ಹಗುರಾಗಿ ಹೊರಗೆ ಬಂದೆವು. ಪಾರ್ಕಿಂಗಿನಲ್ಲಿ ಯಾರೋ ಅಡ್ಡ ಕಾರು ನಿಲ್ಲಿಸಿದ್ದರು. ಮೂರು ದಿನದ ಮೌನವನ್ನು ಭಾವ ಮೂರೇ ನಿಮಿಷದಲ್ಲಿ ಬಡ್ಡಿ ಸಮೇತ ತೀರಿಸಿದರು. ಧ್ಯಾನದಿಂದ ಉಪಯೋಗವಿಲ್ಲ ಎನ್ನುತ್ತಿಲ್ಲ. ಅದು ಆ ಪಾರ್ಕಿಂಗಿನಲ್ಲಿ ಕೈಗೆ ಬರಬೇಕಿತ್ತು ಅಷ್ಟೆ.

ಹಾಗಂತ ಜಪಾನನ್ನು ತಲೆ ಮೇಲೆ ಹೊತ್ತುಕೊಂಡು ಕುಣಿಯುವ ಆಸೆ ನನಗಿಲ್ಲ. ಇಲ್ಲಿ ಬಂದು ಹೋಗುವ ನಮ್ಮವರು ದೇವಾಲಯದ ತೋಟ ನೋಡಿ, ಚಹಾ ಕುಡಿದು, ಏನು ಶಾಂತಿ ಎಂದು ಬರೆಯುತ್ತಾರೆ. ರಾತ್ರಿ ಹನ್ನೊಂದರ ರೈಲಿನಲ್ಲಿ ಒಸಾಕಾದಿಂದ ನನ್ನ ಜೊತೆ ಬರಲಿ. ಕೋಟು ಹಾಕಿಕೊಂಡೇ ನಿದ್ದೆ ಹೋದ ಮುಖಗಳನ್ನು ನೋಡಲಿ. ದುಡಿದು ದುಡಿದು ಸಾಯುವುದಕ್ಕೆ ಈ ಭಾಷೆಯಲ್ಲಿ ಪ್ರತ್ಯೇಕ ಪದವೇ ಇದೆ, ಕರೋಶಿ. ಅದನ್ನು ತಡೆಯಲೆಂದೇ 2014ರಲ್ಲಿ ಒಂದು ಕಾಯ್ದೆ ಮಾಡಿದರು. ಓವರ್‌ಟೈಮ್ ಸಾಮಾನ್ಯವಾಗಿ ತಿಂಗಳಿಗೆ 45 ಗಂಟೆ ಮೀರಬಾರದು ಎಂಬ ಮಿತಿ 2019ರಿಂದ ಜಾರಿಗೆ ಬಂತು. ನಾನು ಮೊದಲು ಕೆಲಸ ಮಾಡಿದ ಕಂಪನಿಯಲ್ಲಿ ಬಾಸ್ ಏಳುವವರೆಗೆ ಯಾರೂ ಏಳುತ್ತಿರಲಿಲ್ಲ. ಕೆಲಸ ಮುಗಿದಿದ್ದರೂ ಸುಮ್ನೆ ಸ್ಕ್ರೀನ್ ನೋಡುತ್ತಾ ಕೂರಬೇಕು. ಬೆಳಿಗ್ಗೆ ಬಾಗಿಲ ಮುಂದೆ ಒಂದಡಿ ಎಂದು ಗೆರೆ ಗೊತ್ತಿರುವ ಜನಕ್ಕೆ ಆಫೀಸಿನಲ್ಲಿ ಆ ಗೆರೆ ಹೇಗೆ ಅಳಿಸಿಹೋಗುತ್ತದೋ!

ನನಗೆ ನಮ್ಮ ಆಯ್ದಕ್ಕಿ ಲಕ್ಕಮ್ಮ ಹತ್ತಿರವಾದದ್ದು ಹಾಗೆ ಕೂತು ಕೂತು ಬೆನ್ನು ನೋಯಿಸಿಕೊಂಡ ಆ ದಿನಗಳಲ್ಲಿ. ಶಾಲೆಯಲ್ಲಿ ಓದಿದ್ದೆ, ಮಾರ್ಕ್ಸಿಗೆ ಆದಷ್ಟೇ. ಕಾಯಕವೇ ಕೈಲಾಸ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ, ಆಫೀಸು ಗೋಡೆಗಳ ಮೇಲೂ ಇದೆ. ಅದನ್ನು ನಾವು ಓದುವ ರೀತಿ ಮಾತ್ರ ಜಪಾನಿನ ಬಾಸ್ ಓದುವ ರೀತಿಯೇ: ಇನ್ನೂ ದುಡಿ, ಇನ್ನಷ್ಟು ದುಡಿ. ಲಕ್ಕಮ್ಮನ ಗಂಡ ಮಾರಯ್ಯನ ಕಾಯಕ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯುವುದು. ಒಂದು ದಿನ ಅವನು ದಿನಕ್ಕಿಂತ ಜಾಸ್ತಿ ಅಕ್ಕಿ ತಂದ. ನಾವಾದರೆ ಏನು ಮಾಡುತ್ತಿದ್ದೆವು? ಬೋನಸ್ ಬಂತು ಎನ್ನುತ್ತಿದ್ದೆವು. ಲಕ್ಕಮ್ಮ "ಈಸಕ್ಕಿಯಾಸೆ ನಿಮಗೇಕೆ" ಎಂದು ಕೇಳಿದಳು. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಆ ಮನೆಯಲ್ಲಿ ದಿನಾ ದಾಸೋಹ ನಡೆಯುತ್ತಿತ್ತು ಎನ್ನುವುದನ್ನು ಮರೆಯಬಾರದು. ಹೆಚ್ಚು ಅಕ್ಕಿಯಿದ್ದರೆ ಹೆಚ್ಚು ಜನರಿಗೆ ಹಾಕಬಹುದಿತ್ತಲ್ಲ ಎಂಬ ವಾದವೂ ಅವಳ ಮುಂದೆ ನಿಲ್ಲಲಿಲ್ಲ.

ಅದೇ ಕಾಲದ ಸತ್ಯಕ್ಕನ ಕಾಯಕ ಅಂಗಳದ ಕಸ ಗುಡಿಸುವುದು. ದಾರಿಯಲ್ಲಿ ಹೊನ್ನು, ವಸ್ತ್ರ ಬಿದ್ದಿದ್ದರೂ ಕೈಯಿಟ್ಟು ಎತ್ತುವುದಿಲ್ಲ ಎಂದು ಆಣೆ ಇಟ್ಟವಳು ಅವಳು. ಪ್ರಾಮಾಣಿಕತೆಯ ಪಾಠ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಪೊರಕೆ ಹಿಡಿದ ಮೇಲೆ ನನಗೆ ಬೇರೆಯೂ ಕಾಣುತ್ತದೆ. ದಿನಾ ನೆಲ ನೋಡಿಕೊಂಡೇ ಗುಡಿಸುವವಳಿಗೆ ಬಿದ್ದದ್ದೆಲ್ಲ ಎಲ್ಲರಿಗಿಂತ ಮೊದಲು ಕಾಣುತ್ತದೆ. ಇವತ್ತು ಏನಾದರೂ ಸಿಗಬಹುದಾ ಎಂಬ ಆಸೆ ಒಮ್ಮೆ ಹೊಕ್ಕರೆ ಮುಗಿಯಿತು, ಆಮೇಲೆ ಅದು ಗುಡಿಸುವುದಲ್ಲ, ಹುಡುಕುವುದು. ಮನಸ್ಸು ಕೆಡುವುದು ಅಲ್ಲಿ. ನಾನು ಬೆಳಗ್ಗೆ ಎದ್ದು ಫೋನ್ ಮೇಲೆ ಬೆರಳಾಡಿಸುವುದೂ ಅಂಥದ್ದೇ ಹುಡುಕಾಟ.

ಚೀನಾದ ಮುದುಕ ಸ್ವಂತ ಕೈಯಿಂದಲೇ ಎಂದ, ಲಕ್ಕಮ್ಮ ಇಷ್ಟೇ ಸಾಕು ಎಂದಳು. ನನಗೆ ಎರಡೂ ಬೇಕು. ಕೆಲಸಕ್ಕೆ ಕೊನೆಯಿಲ್ಲದಿದ್ದರೆ ಎಷ್ಟು ಶ್ರದ್ಧೆಯಿಂದ ಮಾಡಿದರೂ ಅದು ಜನರನ್ನು ತಿಂದುಹಾಕುತ್ತದೆ, ಇಲ್ಲಿ ಕಣ್ಣಾರೆ ನೋಡಿದ್ದೇನೆ. ಇನ್ನು ಕೈಯನ್ನೇ ಬಿಟ್ಟು ಬರೀ ಮನಸ್ಸನ್ನು ಹಿಡಿದು ಕೂರಿಸುತ್ತೇನೆ ಎಂದರೆ ಅದು ನಮ್ಮ ಭಾವನ ಪಾರ್ಕಿಂಗ್ ಆಗುತ್ತದೆ. ಓಣಿಯ ನೆಲ ಗುಡಿಸಲು ನನಗೆ ಹಿಡಿಯುವುದು ಆರು ನಿಮಿಷ. ಕಡ್ಡಿ ನೆಲಕ್ಕೆ ತಾಗುವ ಸದ್ದು, ಒದ್ದೆ ಎಲೆ ಕಲ್ಲಿಗೆ ಅಂಟಿಕೊಂಡಿದ್ದರೆ ಬಗ್ಗಿ ಬೆರಳಲ್ಲಿ ಬಿಡಿಸುವುದು, ಅಜ್ಜಿಯ ಕಡೆ ಒಂದಡಿ, ಆಮೇಲೆ ನಿಲ್ಲಿಸುವುದು. ದಿನದಲ್ಲಿ ಮುಗಿಯಿತು ಎಂದು ಗಟ್ಟಿಯಾಗಿ ಹೇಳಬಹುದಾದ ಕೆಲಸ ನನಗಿರುವುದು ಅದೊಂದೇ. ಮೇಲ್ ಮುಗಿಯುವುದಿಲ್ಲ, ಮೀಟಿಂಗ್ ಅಂತೂ ಮುಗಿಯುವುದೇ ಇಲ್ಲ.

ಹೋದ ವಾರ ಅಜ್ಜಿ ಮಗಳ ಮನೆಗೆ ಹೋದರು. ಹದಿನೈದು ದಿನ ಇರುವುದಿಲ್ಲ ಎಂದು ಹೇಳಿ ಹೋಗಿದ್ದಾರೆ. ಗಿಂಕೊ ಎಲೆಗೆ ಅದೆಲ್ಲ ಗೊತ್ತಾಗುತ್ತದೆಯೇ? ಶನಿವಾರದ ಹೊತ್ತಿಗೆ ಅವರ ಬಾಗಿಲ ಮುಂದೆ ಪಾದ ಮುಳುಗುವಷ್ಟು ಹಳದಿ. ನಾನು ನನ್ನದು ಗುಡಿಸಿ, ಆಚೆ ಒಂದಡಿ ಗುಡಿಸಿ, ಪೊರಕೆ ಹಿಡಿದು ನಿಂತೆ. ಮುಂದೆ ಹೋದರೆ ಎಡವಟ್ಟು, ನಿಂತರೆ ಕಲ್ಲುಮನಸ್ಸು. ಕದೊಹಾಕಿಯಲ್ಲಿ ಇದಕ್ಕೆ ಏನು ರೂಢಿ ಎಂದು ಕೇಳೋಣವೆಂದರೆ ಗೆಳೆಯ ಫೋನ್ ಎತ್ತಲಿಲ್ಲ. ಅಷ್ಟರಲ್ಲಿ ಅಮ್ಮನ ಫೋನ್ ಬಂತು, ಅಂಗಳ ಮುಗಿಸಿದ್ದರು.

ಎಲ್ಲ ಹೇಳಿದೆ. ಒಂದಡಿ, ಸಾಲ, ಸಿಹಿತಿಂಡಿ ಡಬ್ಬಿ, ಎಲ್ಲ.

"ಮಳೆ ಬಂದ್ರೆ ಜಾರುತ್ತೇನೋ ಆ ಎಲೆ?" ಎಂದರು ಅಮ್ಮ.

"ಜಾರತ್ತಮ್ಮ."

"ಮತ್ತೆ ಗುಡ್ಸೋ. ವಯಸ್ಸಾದವರು ಬಂದು ಕಾಲಿಡೋ ಜಾಗ. ಡಬ್ಬಿ ತಂದ್ರೆ ತಗೊಂಡು ತಿನ್ನು."

ಫೋನ್ ಜೇಬಿಗೆ ಹಾಕಿ ಗುಡಿಸಿದೆ.