ಸ್ಪಷ್ಟನೆ: ಫ್ರಾಂಕ್ ವಿಲ್ಸನ್ ರೆಕಾರ್ಡು ‘ಜಗತ್ತಿಗೊಂದೇ’ ಅಲ್ಲ

ಅಮೆರಿಕದ ಗಾಯಕ ಫ್ರಾಂಕ್ ವಿಲ್ಸನ್ 1965ರಲ್ಲಿ ಹಾಡಿದ ‘ಡು ಐ ಲವ್ ಯೂ’ ರೆಕಾರ್ಡಿನ ಒಂದೇ ಒಂದು ಮೂಲ ಪ್ರತಿ ಉಳಿದಿದೆ, ಸಂಗ್ರಾಹಕರಿಗಾಗಿಯೇ ಅದನ್ನು ಕಡಿಮೆ ಅಚ್ಚು ಹಾಕಿದ್ದರು ಎಂಬ ಮಾತು ಹರಿದಾಡುತ್ತಿದೆ. ಎರಡೂ ನಿಜವಲ್ಲ.

ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿ ಇದರ ಮಾದರಿ ಪ್ರತಿಗಳನ್ನಷ್ಟೇ ಒತ್ತಿಸಿತ್ತು. ಹಾಡು ಆಗ ಮಾರುಕಟ್ಟೆಗೇ ಬರಲಿಲ್ಲ, ಪ್ರತಿಗಳಲ್ಲಿ ಹೆಚ್ಚಿನವು ನಾಶವಾದವು. ಕನಿಷ್ಠ ಎರಡು ಉಳಿದಿರುವುದು ಖಚಿತ. 2009ರಲ್ಲಿ ಒಂದು ಪ್ರತಿ 25,000 ಪೌಂಡಿಗೂ ಮೀರಿ ಮಾರಾಟವಾಯಿತು.

ಇದಕ್ಕೆ ಬೆಲೆ ಬಂದದ್ದು ಇಂಗ್ಲೆಂಡಿನ ಉತ್ತರದ ಕೈಗಾರಿಕಾ ಊರುಗಳ ಕುಣಿತದ ಹುಚ್ಚಿನಿಂದ. ಅಮೆರಿಕದಲ್ಲಿ ಯಾರೂ ಕೇಳದೆ ಗೋದಾಮು ಸೇರಿದ್ದ, ವೇಗದ ತಾಳದ ಸೋಲ್ (ಕಪ್ಪು ಅಮೆರಿಕನ್ನರ ಸಂಗೀತ ಪ್ರಕಾರ) ಹಾಡುಗಳೇ ಅಲ್ಲಿನವರಿಗೆ ಪ್ರಾಣ. 1973ರಿಂದ 1981ರವರೆಗೆ ವಿಗನ್ ಊರಿನ ‘ವಿಗನ್ ಕ್ಯಾಸಿನೋ’ ಎಂಬ ಕುಣಿತದ ಕ್ಲಬ್ಬಿನಲ್ಲಿ ಬೆಳಗಿನವರೆಗೂ ಕುಣಿತ. ಮದ್ಯ ಮಾರುತ್ತಿರಲಿಲ್ಲ, ಕಾಲು ಸಲೀಸಾಗಿ ಜಾರಲೆಂದು ನೆಲಕ್ಕೆ ಟಾಲ್ಕಂ ಪೌಡರ್ ಉದುರಿಸುತ್ತಿದ್ದರು. ಡಿಜೆಗಳ ಪೈಪೋಟಿ ಎಷ್ಟಿತ್ತೆಂದರೆ, ಬೇರೆ ಡಿಜೆಗಳಿಗೆ ಗುರುತು ಸಿಗದಂತೆ ರೆಕಾರ್ಡಿನ ಲೇಬಲ್ ಮುಚ್ಚಿ, ಹಾಡಿಗೋ ಗಾಯಕರಿಗೋ ಸುಳ್ಳು ಹೆಸರಿಡುತ್ತಿದ್ದರು. (ವಿಲ್ಸನ್ ಹಾಡೇ ಮೊದಲು ಎಡ್ಡಿ ಫಾಸ್ಟರ್ ಎಂಬ ಹೆಸರಿನಲ್ಲಿ ಮೊಳಗಿತ್ತು!) ಇಂಥ ಗುಟ್ಟುಗಾರಿಕೆಯ ನಡುವೆ ‘ಇದೊಂದೇ ಪ್ರತಿ’ ಎಂಬ ಕಥೆ ಹುಟ್ಟಿದ್ದರೆ ಅಚ್ಚರಿಯೇನಿಲ್ಲ.

ಅಂದಹಾಗೆ, ಹಾಡು ಕೇಳಲು ಹರಾಜಿಗೆ ಹೋಗಬೇಕಿಲ್ಲ. 1979ರಲ್ಲೇ ಮೋಟೌನ್ ಅದನ್ನು ಬ್ರಿಟನ್ನಿನಲ್ಲಿ ಬಿಡುಗಡೆ ಮಾಡಿತು. ದುಬಾರಿಯಾಗಿರುವುದು 1965ರ ಪ್ರತಿ ಮಾತ್ರ.