ಹಾವು ಫಾರಿನ್ನಿನದೇ ಆಗಬೇಕು

ಬಾಲ್ ಪೈಥಾನ್ ಎಂಬ ಹೆಬ್ಬಾವು ಸಾಕಿ ಮರಿ ಮಾಡಿಸುವ ಆಸೆಯೇ? ಮಾಡಿಸಿ, ಯಾರು ಬೇಡ ಅಂದರು. ಒಂದೇ ಷರತ್ತು, ಹಾವು ಫಾರಿನ್ನಿನದೇ ಆಗಬೇಕು. ನಮ್ಮೂರ ಗದ್ದೆಯ ಹೆಬ್ಬಾವನ್ನು ಮನೆಗೆ ತಂದಿರೋ, ಅದು ಮೊಟ್ಟೆ ಇಡುವ ಮೊದಲೇ ನೀವು ಜೈಲಿನಲ್ಲಿ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಷೆಡ್ಯೂಲಿನಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ, ಅದರ ಹೆಸರಿದೆ. ಇರಲಿ, ಇರಲೇಬೇಕು. ಆದರೆ ಆಫ್ರಿಕಾದ ಘಾನಾ, ಟೋಗೋ, ಬೆನಿನ್ ಕಡೆಯ ಅದರ ಗಿಡ್ಡ ದಾಯಾದಿ ಈ ಬಾಲ್ ಪೈಥಾನ್ ಬಂದರೆ ಒಂದು ಆನ್‌ಲೈನ್ ಫಾರಂ ತುಂಬಿದರಾಯಿತು.

2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಇನ್ನೂ ಧಾರಾಳವಾಗಿತ್ತು. ಮನೆಯಲ್ಲಿ ವಿದೇಶಿ ಪ್ರಾಣಿ ಇದ್ದರೆ ಆರು ತಿಂಗಳೊಳಗೆ ತಾವಾಗಿಯೇ ಹೇಳಿಬಿಡಿ, ಕಾಗದಪತ್ರ ಕೇಳುವುದಿಲ್ಲ ಎಂದಿತು. ರೇಷನ್ ಕಾರ್ಡಿನಲ್ಲಿ ಅಜ್ಜಿ ಹೆಸರಿನ ಒಂದು ಒತ್ತಕ್ಷರ ತಿದ್ದಿಸಲು ಅಲೆದು ಚಪ್ಪಲಿ ಸವೆಸಿದವರು ಇದನ್ನು ಓದಿ ಹೊಟ್ಟೆ ಉರಿದುಕೊಳ್ಳಬಾರದು. ಆ ಅಜ್ಜಿ ಆಫ್ರಿಕಾದವರಲ್ಲ, ಅಲ್ವಾ? ಈಗ 2024ರ ನಿಯಮ ಬಂದಿದೆ. ಸಚಿವಾಲಯದ ಪರಿವೇಶ್ ಎಂಬ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು, ಮರಿ ಹುಟ್ಟಿದರೂ ಹೇಳಬೇಕು, ಸತ್ತರೂ ಹೇಳಬೇಕು.

ಸರಿ, ಸಂಸಾರ ಶುರು ಮಾಡಿಸೋಣ. ಹೆಣ್ಣು ಒಂದೂವರೆ ಕಿಲೋ ತೂಗುವ ತನಕ ಗಂಡಿನ ಜೊತೆ ಬಿಡಬೇಡಿ. ಐದಾರು ಮೊಟ್ಟೆ ಇಟ್ಟರೆ 31-32 ಡಿಗ್ರಿ ಶಾಖದಲ್ಲಿ ಎರಡು ತಿಂಗಳ ಹತ್ತಿರ ಕಾಯಬೇಕು. ಆ ಎರಡು ತಿಂಗಳು ಕರೆಂಟು ಹೋಗದ ಊರು ಯಾವುದಿದೆಯೋ ಅಲ್ಲಿ ಮನೆ ಹುಡುಕಿ. ಮಾಲೀಕರಿಗೆ ಏನು ಹೇಳುತ್ತೀರೋ ನಿಮಗೆ ಬಿಟ್ಟಿದ್ದು. ಮೊಟ್ಟೆ ತಿನ್ನುವವರಿಗೇ ಬಾಡಿಗೆಗೆ ಕೊಡದವರು ಮೊಟ್ಟೆಗೆ ಕಾವು ಕೊಡುವವರಿಗೆ ಕೊಡುತ್ತಾರಾ! ಊಟದ ಖರ್ಚು ಮಾತ್ರ ಕಡಿಮೆ. ಈ ಹಾವು ಮನಸ್ಸು ಬಂದರೆ ತಿಂಗಳುಗಟ್ಟಲೆ ಉಪವಾಸ ಇರುತ್ತದೆ. ಮನಸ್ಸು ಬದಲಾದ ದಿನಕ್ಕೆ ಬೇಕಲ್ಲ ಎಂದು ಫ್ರೀಜರಿನಲ್ಲಿ ಐಸ್‌ಕ್ರೀಮಿನ ಪಕ್ಕ ಇಲಿ ಇಟ್ಟಿರಿ.

ದುಡ್ಡಿರುವುದು ಬಣ್ಣದಲ್ಲಿ. ಬಣ್ಣ, ಗೆರೆ ಬೇರೆ ಇರುವ ಒಂದೊಂದು ಬಗೆಗೂ ಮಾರ್ಫ್ ಅನ್ನುತ್ತಾರೆ. ಬನಾನಾ, ಪಾಸ್ಟೆಲ್, ಕ್ಲೌನ್, ಹೀಗೆ ಹೆಸರು ಕೇಳಿದರೆ ಪೇಂಟ್ ಅಂಗಡಿಗೆ ಬಂದೆವೇನೋ ಅನಿಸುತ್ತದೆ. ಸ್ಪೈಡರ್ ಅಂತ ಒಂದಿದೆ. ಅದರ ಚಂದದ ಗೆರೆಗಳ ಜೊತೆಗೇ ನರದ ತೊಂದರೆಯೂ ಹುಟ್ಟಿನಿಂದ ಬರುತ್ತದೆ, ತಲೆ ಓಲಾಡುತ್ತಿರುತ್ತದೆ. ಕೆಲವಕ್ಕೆ ಇಲಿಯನ್ನು ಗುರಿಯಿಟ್ಟು ಹಿಡಿಯಲೂ ಆಗದು. ಗೊತ್ತಿದ್ದೂ ಅದನ್ನೇ ಮತ್ತೆ ಮತ್ತೆ ಮರಿ ಮಾಡಿಸಿ ಮಾರಿದರು. ಫೋಟೋದಲ್ಲಿ ತಲೆ ಅಲ್ಲಾಡುವುದು ಕಾಣಿಸುವುದಿಲ್ಲವಲ್ಲ.

ಇಷ್ಟೆಲ್ಲ ಯಾಕೆ, ಬ್ಯಾಂಕಾಕ್‌ನಿಂದ ಸೂಟ್‌ಕೇಸಿನಲ್ಲೇ ತರೋಣ ಅನ್ನುವವರೂ ಇದ್ದಾರೆ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕ ಲಗೇಜಿನಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, ಉಸಿರು ನಿಂತಿದ್ದ 6 ಕ್ಯಾಪುಚಿನ್ ಕೋತಿಗಳಿದ್ದವು. ಕಾಳಿಂಗ! ಆಗುಂಬೆ ಇರುವ ರಾಜ್ಯಕ್ಕೆ ಕಾಳಿಂಗದ ಆಮದು. ಮಲೆನಾಡಿನ ಬಸ್ಸಿನಲ್ಲಿ ಬಂದ ಹಾವಿಗೆ ಮರ್ಯಾದೆ ಇಲ್ಲ, ವಿಮಾನ ಹತ್ತಿ ಬಂದಿರಬೇಕು.

ಮುಂದೊಂದು ದಿನ ಅಧಿಕಾರಿಗಳು ಬಂದು ಈ ಮರಿಗಳ ಅಪ್ಪ ಎಲ್ಲಿ, ಅದರ ದಾಖಲೆ ಎಲ್ಲಿ ಎಂದರೆ ಗಾಬರಿ ಬೇಡ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ ಅರವತ್ತು ದಾಟಿದ ಬಾಲ್ ಪೈಥಾನ್ ಅಜ್ಜಿಯೊಂದು ಹದಿನೈದು ವರ್ಷ ಗಂಡಿನ ಮುಖ ನೋಡದೆಯೇ 2020ರಲ್ಲಿ ಮೊಟ್ಟೆ ಇಟ್ಟಿತು. ಆ ಸುದ್ದಿಯ ಪ್ರಿಂಟೌಟ್ ಒಂದನ್ನು ಫೈಲಿಗೆ ಸೇರಿಸಿಡಿ.